ಬ್ಯಾಟರಿಯಲ್ಲೇ ವರ್ಷಗಟ್ಟಲೆ ಓಡಬೇಕಾದ ಸೆನ್ಸರ್‌ಗೆ ಯಾವ ಓಎಸ್: ಕಾಂಟಿಕಿ, ರಯಟ್, ಝೆಫಿರ್?

ಸಂಪ್_ಲೆಕ್ಕ | ವಿದ್ಯಾರಣ್ಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಆರು ಬ್ಲಾಕ್. ಪ್ರತಿ ಬ್ಲಾಕ್‌ಗೂ ನೆಲದಡಿ ಒಂದು ಸಂಪ್, ಟೆರೇಸ್ ಮೇಲೆ ಒಂದು ಓವರ್‌ಹೆಡ್ ಟ್ಯಾಂಕ್. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ನೀರು ಬರುತ್ತೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗಿನಿಂದ ಯಾವ ಸಂಪ್‌ನಲ್ಲಿ ಎಷ್ಟಿದೆ ಅಂತ ಮುಚ್ಚಳ ಎತ್ತಿ ನೋಡಿ ಬರೆದಿಡೋದು ವಾಚ್‌ಮನ್ ಕೆಲಸವಾಗಿದೆ. ಅದಕ್ಕೆ ಬದಲು ಮಟ್ಟ ಅಳೆಯುವ ಸೆನ್ಸರ್ ಹಾಕೋಣ ಅಂತ ಅಸೋಸಿಯೇಷನ್‌ನವರು ಒಪ್ಪಿದ್ದಾರೆ.

ಸಂಪ್ ತನಕ ಕರೆಂಟ್ ವೈರ್ ಎಳೆಯೋ ಹಾಗಿಲ್ಲ, ಬ್ಯಾಟರಿಯೇ ಗತಿ. ಎನ್‌ಆರ್‌ಎಫ್52840 ಚಿಪ್‌ನ ಬೋರ್ಡ್‌ಗಳು ಕೈಯಲ್ಲಿವೆ. ಸಿ ಬರುತ್ತೆ, ಲಿನಕ್ಸ್ ಮೇಲೆ ಕೆಲಸ ಮಾಡಿ ಅಭ್ಯಾಸ ಇದೆ, ಮೈಕ್ರೋಕಂಟ್ರೋಲರ್ ಹೊಸದು. ಓಪನ್ ಸೋರ್ಸ್ ಆಗಿರಲೇಬೇಕು. ನಾಳೆ ನಾನು ಮನೆ ಬದಲಾಯಿಸಿದರೆ ಇನ್ನೊಬ್ಬರು ತೆರೆದು ನೋಡಿ ಮುಂದುವರಿಸುವಂತಿರಬೇಕು. ಕಾಂಟಿಕಿ-ಎನ್‌ಜಿ, ರಯಟ್, ಝೆಫಿರ್, ಫ್ರೀಆರ್‌ಟಿಒಎಸ್ ಎಂಬ ನಾಲ್ಕೂ ಓಎಸ್ (ಆಪರೇಟಿಂಗ್ ಸಿಸ್ಟಮ್) ಹೋಲಿಸುವ ಪಟ್ಟಿಗಳನ್ನು ಓದಿದೆ. ಯಾವುದು ಎಷ್ಟು ಬೇಗ ಒಂದು ಟಾಸ್ಕ್‌ನಿಂದ ಇನ್ನೊಂದಕ್ಕೆ ಹೋಗುತ್ತೆ ಅಂತಲೇ ಎಲ್ಲರೂ ಬರೆದಿದ್ದಾರೆ. ಅದನ್ನು ನೋಡಿ ಆರಿಸಬೇಕಾ?

ಮೈಕ್ರೋಆಂಪ್ | ರಾಜಾಜಿನಗರ

ಬೇಡ ಸರ್. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಒಂದು ಅಂಕಿ ಕಳಿಸಿ ಮಲಗುವ ನೋಡ್‌ಗೆ (ಅಂದರೆ ರೇಡಿಯೋ ಇರುವ ಸೆನ್ಸರ್ ಬೋರ್ಡ್‌ಗೆ) ಟಾಸ್ಕ್ ಬದಲಾವಣೆ ಎರಡು ಮೈಕ್ರೋಸೆಕೆಂಡ್ ಆದರೇನು, ಹತ್ತಾದರೇನು. ನೀವು ನೋಡಬೇಕಾದದ್ದು ರೇಡಿಯೋ.

ಲೆಕ್ಕ ಹಾಕಿ. ಹಳೆಯ ಟೀಮೋಟ್ ಸ್ಕೈ ಬೋರ್ಡ್‌ಗಳಲ್ಲಿದ್ದ ಸಿಸಿ2420 ರೇಡಿಯೋ ಬರೀ ಕಿವಿ ತೆರೆದು ಕೂತರೆ ಸುಮಾರು 19 ಮಿಲಿಆಂಪಿಯರ್ ಎಳೀತಿತ್ತು. 2400 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಐದು ದಿನಕ್ಕೆ ಖಾಲಿ. ಈಗಿನ ಚಿಪ್‌ಗಳಲ್ಲಿ ಅದು ಐದಾರು ಮಿಲಿಆಂಪಿಯರ್‌ಗೆ ಇಳಿದಿದೆ, ಆದರೂ ಮೂರು ವಾರ ದಾಟಲ್ಲ. ಅದೇ ಚಿಪ್ ರೇಡಿಯೋ ಮುಚ್ಚಿ, ಟೈಮರ್ ಒಂದನ್ನೇ ಬಿಟ್ಟು ಮಲಗಿದರೆ ಕೆಲವೇ ಮೈಕ್ರೋಆಂಪಿಯರ್. ಸಾವಿರ ಪಟ್ಟು ಅಂತರ ಇರೋದು ಇಲ್ಲಿ. ಗಮನಿಸಿ, ಕಳಿಸೋದಕ್ಕಿಂತ ಕೇಳಿಸಿಕೊಳ್ಳೋದೇ ದುಬಾರಿ. ಕಳಿಸುವ ಹೊತ್ತು ನಮಗೆ ಗೊತ್ತು, ಬರುವ ಹೊತ್ತು ಗೊತ್ತಿಲ್ಲ.

ಹಾಗಾಗಿ ಓಎಸ್ ಆರಿಸೋದು ಅಂದರೆ ರೇಡಿಯೋ ಯಾವಾಗ ಮಲಗಬೇಕು ಅಂತ ನಿರ್ಧರಿಸುವ ಕೋಡ್ ಯಾರದ್ದು, ಅದನ್ನು ಮುಂದೆಯೂ ನೋಡಿಕೊಳ್ಳೋರು ಯಾರು ಅಂತ ಆರಿಸೋದು. ಉಳಿದದ್ದೆಲ್ಲ ಆಮೇಲೆ.

ಕಾಂಟಿಕಿ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಪಾಠಗಳಲ್ಲೆಲ್ಲ ಕಾಂಟಿಕಿಮ್ಯಾಕ್ ಅಂತ ಬರುತ್ತೆ. ಸೆಕೆಂಡಿಗೆ ಎಂಟು ಸಲ ರೇಡಿಯೋ ಚಣ ಮಾತ್ರ ಎದ್ದು ಗಾಳಿಯಲ್ಲಿ ಏನಾದರೂ ಸದ್ದಿದೆಯಾ ನೋಡಿ ಮತ್ತೆ ಮಲಗುವ ಪದ್ಧತಿ ಅದು. ಕಳಿಸೋರು ಆ ಕಡೆಯವರು ಏಳುವ ತನಕ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸ್ತಾರೆ. ಬಹಳ ಸೊಗಸಾದ ಉಪಾಯ. ಆದರೆ 2017ರಲ್ಲಿ ಕವಲೊಡೆದ ಕಾಂಟಿಕಿ-ಎನ್‌ಜಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅಲ್ಲಿ ಸಿಎಸ್‌ಎಂಎ (ಗಾಳಿ ಖಾಲಿಯಿದೆಯಾ ನೋಡಿ ಕಳಿಸುವ ಪದ್ಧತಿ) ಹಾಕಿದರೆ ರೇಡಿಯೋ ಸದಾ ಎಚ್ಚರ, ಮಲಗಿಸಬೇಕಾದರೆ ಟಿಎಸ್‌ಸಿಎಚ್ (ಮೊದಲೇ ಸಮಯ ಹಂಚಿಕೊಂಡು ಮಾತಾಡುವ ಪದ್ಧತಿ) ಹಾಕಬೇಕು. ಹಳೆಯ ಪಾಠ ಓದಿ ಹೊಸ ಕೋಡ್ ಕಟ್ಟಿದರೆ ಬ್ಯಾಟರಿ ಯಾಕೆ ನಿಲ್ತಿಲ್ಲ ಅಂತ ತಲೆಕೆಡಿಸಿಕೊಳ್ಳಬೇಕಾಗುತ್ತೆ.

ಲ್ಯಾಬ್_ಮೇಷ್ಟ್ರು | ಬಸವನಗುಡಿ

ಮೇಲಿನ ಮಾತು ಸರಿ. ಆದರೂ ಈ ಓಎಸ್‌ಗಳು ಯಾಕೆ ಹೀಗಿವೆ ಎಂಬುದನ್ನು ತಿಳಿದುಕೊಂಡು ಆರಿಸುವುದು ಒಳ್ಳೆಯದು.

ಬರ್ಕ್ಲಿಯಲ್ಲಿ ಟೈನಿಒಎಸ್ ಹುಟ್ಟಿದಾಗಲೂ, ಸ್ವೀಡನ್ನಿನ ಎಸ್‌ಐಸಿಎಸ್ ಸಂಸ್ಥೆಯಲ್ಲಿದ್ದ ಆಡಮ್ ಡಂಕಲ್ಸ್ ಕಾಂಟಿಕಿ ಬರೆದಾಗಲೂ ನೋಡ್ ಎಂದರೆ ಹೆಚ್ಚೆಂದರೆ ಕೆಲವೇ ಕಿಲೋಬೈಟ್ ರ್ಯಾಮ್, ಫ್ಲ್ಯಾಶ್ ಕೂಡ ಬಹಳ ಕಡಿಮೆ. ಪ್ರತಿ ಥ್ರೆಡ್‌ಗೂ (ಜೊತೆಜೊತೆಗೆ ನಡೆಯುವ ಕೆಲಸದ ಎಳೆಗೂ) ಪ್ರತ್ಯೇಕ ಸ್ಟ್ಯಾಕ್, ಅಂದರೆ ಅದರದೇ ನೆನಪಿನ ಜಾಗ ಕೊಡಲು ಜಾಗವಿರಲಿಲ್ಲ. ಟೈನಿಒಎಸ್ ಅದಕ್ಕೆಂದೇ ನೆಸ್‌ಸಿ ಎಂಬ ಭಾಷೆಯನ್ನೇ ಕಟ್ಟಿಕೊಂಡಿತು. ಡಂಕಲ್ಸ್ ಸಿ ಭಾಷೆಯ ಸ್ವಿಚ್ ಹೇಳಿಕೆಯನ್ನೇ ಬಳಸಿ ಪ್ರೋಟೋಥ್ರೆಡ್ ಮಾಡಿದರು. ಒಂದು ಪ್ರೋಟೋಥ್ರೆಡ್ ಎಲ್ಲಿ ನಿಂತಿತ್ತು ಎಂದು ನೆನಪಿಡಲು ಎರಡು ಬೈಟ್ ಸಾಕು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಾಯುವ ಸಾಲು ದಾಟಿದ ಮೇಲೆ ಲೋಕಲ್ ವೇರಿಯಬಲ್‌ಗಳ ಬೆಲೆ ಉಳಿಯುವುದಿಲ್ಲ, ಸ್ಟ್ಯಾಟಿಕ್ ಎಂದು ಬರೆಯಲೇಬೇಕು. ಸ್ವಿಚ್ ಒಳಗೆ ಕಾಯುವಂತಿಲ್ಲ. ಲಿನಕ್ಸ್‌ನಿಂದ ಬರುವ ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಇನ್ನೊಂದು ಇಕ್ಕಟ್ಟು ಜಾಲದ್ದು. ಕಡಿಮೆ ಶಕ್ತಿಯ ರೇಡಿಯೋಗಳ ಮಾನಕವಾದ ಐಇಇಇ 802.15.4ರ ಒಂದು ಫ್ರೇಮ್ ಹೆಚ್ಚೆಂದರೆ 127 ಬೈಟ್. ಐಪಿವಿ6 ಕನಿಷ್ಠ 1280 ಬೈಟ್ ಒಯ್ಯುವ ದಾರಿ ಕೇಳುತ್ತದೆ, ಅದರ ಹೆಡರ್ ಒಂದೇ 40 ಬೈಟ್. ಆ ಹೆಡರ್ ಕುಗ್ಗಿಸಿ, ದೊಡ್ಡ ಪ್ಯಾಕೆಟ್ಟನ್ನು ತುಂಡು ಮಾಡಿ ಕಳಿಸುವ 6ಲೋಪ್ಯಾನ್ 2007ರಲ್ಲಿ ಬಂತು, 2011ರಲ್ಲಿ ಸುಧಾರಿಸಿತು. 2012ರಲ್ಲಿ ದಾರಿ ಹುಡುಕುವ ಆರ್‌ಪಿಎಲ್, 2014ರಲ್ಲಿ ಎಚ್‌ಟಿಟಿಪಿಯ ಜಾಗಕ್ಕೆ ಕೋಆ್ಯಪ್. ಈ ಪ್ರೋಟೋಕಾಲ್‌ಗಳನ್ನು ಓದಿ ಅರ್ಥ ಮಾಡಿಕೊಳ್ಳಬೇಕೆಂದರೆ ಇವತ್ತಿಗೂ ನಾನು ಕಾಂಟಿಕಿ-ಎನ್‌ಜಿಯ ಕೋಡನ್ನೇ ತೋರಿಸುತ್ತೇನೆ. ಅದರ ಕೂಜಾ ಸಿಮ್ಯುಲೇಟರ್‌ನಲ್ಲಿ ಬೋರ್ಡ್ ಒಂದೂ ಇಲ್ಲದೆ ಇಡೀ ಜಾಲವನ್ನು ಓಡಿಸಿ, ಯಾವ ನೋಡ್ ಯಾವಾಗ ರೇಡಿಯೋ ತೆರೆಯಿತು ಎಂದು ಸಾಲುಸಾಲಾಗಿ ನೋಡಬಹುದು. ಸರ್ಕಾರಿ ಕಾಲೇಜಿನ ಲ್ಯಾಬ್‌ಗೆ ಇದಕ್ಕಿಂತ ಉಪಕಾರ ಬೇರೆ ಬೇಕಿಲ್ಲ.

ಪೀಣ್ಯ_ಫರ್ಮ್‌ವೇರ್

ಮೇಷ್ಟ್ರೇ, ಕಲಿಸೋದಕ್ಕೆ ಒಪ್ಪಿದೆ. ಆದರೆ 52840ರಲ್ಲಿ 256 ಕಿಲೋಬೈಟ್ ರ್ಯಾಮ್, ಒಂದು ಮೆಗಾಬೈಟ್ ಫ್ಲ್ಯಾಶ್ ಇದೆ. ಎರಡು ಬೈಟ್ ಉಳಿಸೋ ಕಷ್ಟ ಈಗಿಲ್ಲ. ನಮ್ಮ ಕಡೆ ಮೀಟರ್, ಪಂಪ್ ಕಂಟ್ರೋಲರ್ ಮಾಡೋ ಸಣ್ಣ ಕಾರ್ಖಾನೆಗಳಿಗೆ ನಾನು ಹೇಳೋದು ಝೆಫಿರ್ ಒಂದೇ. ವಿಂಡ್ ರಿವರ್ ಕೊಟ್ಟ ಕರ್ನಲ್ ಇಟ್ಟುಕೊಂಡು 2016ರಲ್ಲಿ ಲಿನಕ್ಸ್ ಫೌಂಡೇಶನ್ ಶುರು ಮಾಡಿದ್ದು, ಅಪಾಚೆ 2.0 ಲೈಸೆನ್ಸ್. ನಿಮ್ಮ ಚಿಪ್ ಮಾಡೋ ನಾರ್ಡಿಕ್‌ನವರ ಎಸ್‌ಡಿಕೆ ನಿಂತಿರೋದೂ ಝೆಫಿರ್ ಮೇಲೇನೇ. ಹಾರ್ಡ್‌ವೇರ್ ವಿವರ ಬರೆಯೋ ಡಿವೈಸ್‌ಟ್ರೀ, ಆಯ್ಕೆಗಳನ್ನು ಆರಿಸೋ ಕೆಕಾನ್ಫಿಗ್ ಎಲ್ಲ ಲಿನಕ್ಸ್‌ನಿಂದ ಬಂದಿದ್ದು, ನಿಮಗೆ ಪರಿಚಯ ಇರುತ್ತೆ.

ಯಾರು ನೋಡಿಕೊಳ್ತಾರೆ ಅನ್ನೋ ಮಾತು ಬಂತಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಚಿಪ್ ವಿನ್ಯಾಸ ಮಾಡೋ ಆರ್ಮ್ ಕಂಪನಿಯ ಎಂಬೆಡ್ ಓಎಸ್ ಎಷ್ಟು ಜನಪ್ರಿಯ ಆಗಿತ್ತು. 2026ರ ಜುಲೈಗೆ ಅದನ್ನು ನಿಲ್ಲಿಸ್ತೀವಿ ಅಂತ ಆರ್ಮ್ 2024ರಲ್ಲೇ ಹೇಳಿಬಿಡ್ತು. ಕೋಡ್ ತೆರೆದೇ ಇರುತ್ತೆ, ಆದರೆ ಹೊಸ ಚಿಪ್ ಸೇರಿಸೋರು, ತೂತು ಮುಚ್ಚೋರು ಇಲ್ಲ. ಒಂದೇ ಕಂಪನಿ ಹಿಂದೆ ನಿಂತಿದ್ದರೆ ಆಗೋದು ಇದು.

2020ರ ಡಿಸೆಂಬರ್‌ನಲ್ಲಿ ಅಮ್ನೀಷಿಯಾ:33 ಅಂತ ಬಂತು ನೆನಪಿದೆಯಾ? ನಾಲ್ಕು ಓಪನ್ ಸೋರ್ಸ್ ಟಿಸಿಪಿ/ಐಪಿ ಸ್ಟ್ಯಾಕ್‌ಗಳಲ್ಲಿ ಸೇರಿ 33 ದೋಷ. ಅದರಲ್ಲಿ ಒಂದು ಕಾಂಟಿಕಿ ಜೊತೆ ಬಂದ ಯುಐಪಿ. ಯಾವತ್ತೋ ಆ ಕೋಡನ್ನು ನಕಲು ಮಾಡಿ ತಮ್ಮ ಉತ್ಪನ್ನದೊಳಗೆ ಇಟ್ಟವರಿಗೆ ಅದು ಒಳಗಿದೆ ಅನ್ನೋದೇ ಮರೆತುಹೋಗಿತ್ತು. ನೀವು ಯಾವ ಓಎಸ್ ಹಾಕಿದರೂ ಅದರ ಯಾವ ಆವೃತ್ತಿ ಅಂತ ಬರೆದಿಡಿ, ಮೊದಲ ದಿನವೇ ಎಂಸಿಯುಬೂಟ್ (ಹೊಸ ಫರ್ಮ್‌ವೇರ್ ಪರೀಕ್ಷಿಸಿ ಹಾಕಿಕೊಳ್ಳೋ ಬೂಟ್‌ಲೋಡರ್) ಹಾಕಿ. ಸಂಪ್ ಮುಚ್ಚಳ ತೆಗೆದು ಕೇಬಲ್ ಚುಚ್ಚಿ ಅಪ್‌ಡೇಟ್ ಮಾಡೋ ಪರಿಸ್ಥಿತಿ ಬೇಡ. ಯುರೋಪಿಗೆ ಮಾಲು ಕಳಿಸೋರಿಗಂತೂ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಪ್ರಕಾರ 2027ರ ಡಿಸೆಂಬರ್ 11ರಿಂದ ಇದೆಲ್ಲ ಕಾನೂನು. ಪೀಣ್ಯದಲ್ಲಿ ಇದನ್ನು ಇನ್ನೂ ಎಷ್ಟೋ ಜನ ತಲೆಗೆ ಹಾಕಿಕೊಂಡಿಲ್ಲ, ನನಗೆ ಚಿಂತೆ ಇರೋದು ಅದೇ.

ರಯಟ್_ಹುಡುಗ | ಕೆಂಗೇರಿ

ಝೆಫಿರ್ ಒಂದೇ ಅಂದ್ರೆ ಹೇಗೆ ಸಾರ್! ರಯಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಬರ್ಲಿನ್ನಿನ ಫ್ರೈ ವಿಶ್ವವಿದ್ಯಾಲಯ, ಹ್ಯಾಂಬರ್ಗಿನ ಎಚ್‌ಎಡಬ್ಲ್ಯು, ಫ್ರಾನ್ಸಿನ ಇನ್ರಿಯಾ ಸೇರಿ 2013ರಲ್ಲಿ ಹೊರಗೆ ತಂದಿದ್ದು. ಎಂಟು ಬಿಟ್‌ನಿಂದ ಮೂವತ್ತೆರಡು ಬಿಟ್ ತನಕ ಅದೇ ಕೋಡ್ ಓಡುತ್ತೆ. ನಿಜವಾದ ಥ್ರೆಡ್, ಮಾಮೂಲಿ ಸಿ, ಮಾಮೂಲಿ ಮೇಕ್‌ಫೈಲ್. ನೇಟಿವ್ ಅಂತ ಒಂದು ಬೋರ್ಡ್ ಹೆಸರಿದೆ, ಅದಕ್ಕೆ ಕಟ್ಟಿದ್ರೆ ಇಡೀ ಓಎಸ್ ಲಿನಕ್ಸ್ ಮೇಲೆ ಒಂದು ಪ್ರೋಗ್ರಾಮ್ ಥರ ಓಡುತ್ತೆ. ಎರಡು ಟರ್ಮಿನಲ್ ತೆಗೆದು ಟ್ಯಾಪ್ ಇಂಟರ್‌ಫೇಸ್‌ನಲ್ಲಿ ಸೇರಿಸಿದ್ರೆ ಎರಡು ನೋಡ್ ಒಂದಕ್ಕೊಂದು ಪಿಂಗ್ ಮಾಡ್ತವೆ. ಜಿಡಿಬಿ, ವಾಲ್‌ಗ್ರಿಂಡ್ ಎಲ್ಲ ಹಾಕ್ಬೋದು. ಸಂಪ್_ಲೆಕ್ಕ ಅವರಿಗೆ ಹೇಳಿ ಮಾಡಿಸಿದ ಹಾಗಿದೆ.

ಕರೆಂಟ್ ಉಳಿಸೋದ್ರಲ್ಲೂ ರಯಟ್ ದಾರಿ ನಂಗಿಷ್ಟ. ಓಎಸ್ ಯಾವಾಗಲೂ ಅತಿ ಆಳದ ನಿದ್ದೆಗೇ ಹೋಗೋಕೆ ನೋಡುತ್ತೆ. ಯಾವುದಾದ್ರೂ ಡ್ರೈವರ್‌ಗೆ ಕ್ಲಾಕ್ ಬೇಕಿದ್ರೆ ಅದು ಪಿಎಂ_ಬ್ಲಾಕ್ ಅಂತ ಕೇಳಿ ತಡೀಬೇಕು, ಕೆಲಸ ಆದ್ಮೇಲೆ ಬಿಡ್ಬೇಕು. ಅಂದ್ರೆ ನಿದ್ದೆನೇ ಮಾಮೂಲು, ಎಚ್ಚರ ಇರೋದಕ್ಕೆ ಕಾರಣ ಕೊಡ್ಬೇಕು. ಯಾವ ನಿದ್ದೆಗೆ ಎಷ್ಟು ತಡೆ ಇದೆ ಅಂತ ಶೆಲ್‌ನಲ್ಲೇ ನೋಡ್ಬೋದು.

ಪೀಣ್ಯ_ಫರ್ಮ್‌ವೇರ್

ರಯಟ್ ಒಳ್ಳೆಯದೇ ಮಾರಾಯ. ಅದರ ಲೈಸೆನ್ಸ್ ಎಲ್‌ಜಿಪಿಎಲ್ 2.1. ನಮ್ಮ ಕೋಡನ್ನು ಮುಚ್ಚಿಟ್ಟುಕೊಂಡು ಮಾರಬೇಕು ಅಂದರೆ, ಗಿರಾಕಿ ರಯಟ್ ಬದಲಾಯಿಸಿ ಮತ್ತೆ ಲಿಂಕ್ ಮಾಡುವ ಹಾಗೆ ಆಬ್ಜೆಕ್ಟ್ ಫೈಲ್ ಕೊಡಬೇಕು. ಕಾರ್ಖಾನೆಯವರು ಅಲ್ಲೇ ಹಿಂದೆ ಸರೀತಾರೆ. ಅಪಾರ್ಟ್‌ಮೆಂಟಿಗೆ ಅದು ತೊಂದರೆಯಲ್ಲ, ಎಲ್ಲ ತೆರೆದೇ ಇಡ್ತಾರಲ್ಲ.

ಸಂಪ್_ಲೆಕ್ಕ | ವಿದ್ಯಾರಣ್ಯಪುರ

ತುಂಬಾ ಉಪಯೋಗ ಆಯ್ತು. ಒಂದು ಕೇಳಬೇಕು. ಮೆಶ್ ಅಂದರೆ ಪ್ರತಿ ನೋಡ್ ಪಕ್ಕದವರ ಮಾತನ್ನು ಮುಂದಕ್ಕೆ ದಾಟಿಸಬೇಕು. ಎಲ್ಲರೂ ಮಲಗಿದ್ದರೆ ದಾಟಿಸೋರು ಯಾರು? ಮತ್ತೆ ಫ್ರೀಆರ್‌ಟಿಒಎಸ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಮೈಕ್ರೋಆಂಪ್ | ರಾಜಾಜಿನಗರ

ಫ್ರೀಆರ್‌ಟಿಒಎಸ್ ಬಹಳ ಒಳ್ಳೆಯ ಕರ್ನಲ್, ರಿಚರ್ಡ್ ಬ್ಯಾರಿಯವರು ಶುರು ಮಾಡಿದ್ದು, 2017ರಿಂದ ಅಮೆಜಾನ್ ನೋಡಿಕೊಳ್ತಿದೆ. ಆದರೆ ಅದು ಮುಖ್ಯವಾಗಿ ಕರ್ನಲ್. 802.15.4 ಮೆಶ್ ನೀವೇ ತಂದು ಜೋಡಿಸಬೇಕು. ನಿಮ್ಮ ಕೆಲಸಕ್ಕೆ ಸುತ್ತುದಾರಿ.

ದಾಟಿಸೋರು ಯಾರು ಅನ್ನೋದು ಇಡೀ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ. ಎರಡು ದಾರಿ ಇವೆ.

ಮೊದಲನೆಯದು ಥ್ರೆಡ್ ಎಂಬ ಹೆಸರಿನ ಮೆಶ್ ಪ್ರೋಟೋಕಾಲ್ (ಮೇಲೆ ಬಂದ ಓಎಸ್‌ನ ಥ್ರೆಡ್ ಅಲ್ಲ), ಅಂದರೆ ಝೆಫಿರ್ ಜೊತೆ ಓಪನ್‌ಥ್ರೆಡ್. ಇದರಲ್ಲಿ ರೌಟರ್‌ಗಳು ಮಲಗಲ್ಲ, ಒಂದು ಜಾಲದಲ್ಲಿ 32 ತನಕ ಇರಬಹುದು. ಮಲಗುವ ನೋಡ್‌ಗಳು ಒಂದೊಂದು ರೌಟರ್‌ಗೆ ಮಗುವಾಗಿ ಸೇರ್ತವೆ. ಅವುಗಳಿಗೆ ಬಂದ ಮಾತನ್ನು ರೌಟರ್ ಇಟ್ಟುಕೊಂಡಿರುತ್ತೆ, ಮಗು ಎದ್ದಾಗ ಕೇಳಿ ಪಡೆಯುತ್ತೆ. ರೌಟರ್‌ಗೆ ಗೋಡೆ ಕರೆಂಟ್ ಬೇಕೇ ಬೇಕು. ನಿಮ್ಮಲ್ಲಿ ಪ್ರತಿ ಬ್ಲಾಕ್‌ಗೂ ಮೋಟರ್ ಸ್ಟಾರ್ಟರ್ ಪ್ಯಾನೆಲ್ ಇದೆಯಲ್ಲ, ರೌಟರ್ ಅದರ ಪಕ್ಕ ಕೂರಲಿ. ಕರೆಂಟ್ ಹೋದಾಗ ಜನರೇಟರ್ ಲೈನಿನಲ್ಲಿರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನೊಂದು ಟಿಎಸ್‌ಸಿಎಚ್. ಎಲ್ಲ ನೋಡ್‌ಗಳೂ ಒಂದೇ ಗಡಿಯಾರ ಹಿಡಿದು, ಸಾಮಾನ್ಯವಾಗಿ ಹತ್ತು ಮಿಲಿಸೆಕೆಂಡಿನ ಸ್ಲಾಟ್‌ಗಳಲ್ಲಿ, ಯಾವ ಸ್ಲಾಟ್‌ನಲ್ಲಿ ಯಾವ ಚಾನೆಲ್‌ನಲ್ಲಿ ಯಾರು ಯಾರಿಗೆ ಅಂತ ಮೊದಲೇ ನಿಗದಿ ಮಾಡಿಕೊಳ್ತವೆ. ಆಗ ದಾಟಿಸೋ ನೋಡ್ ಕೂಡ ಬ್ಯಾಟರಿಯಲ್ಲೇ ಇರಬಹುದು. ಕಾಂಟಿಕಿ-ಎನ್‌ಜಿಯಲ್ಲಿ ಟಿಎಸ್‌ಸಿಎಚ್, ಅದರ ಮೇಲೆ ಆರ್ಕೆಸ್ಟ್ರಾ ಎಂಬ ಶೆಡ್ಯೂಲರ್ ಎರಡೂ ಚೆನ್ನಾಗಿ ಪಳಗಿವೆ.

ಆದರೆ ಇದರ ಜೀವ ಗಡಿಯಾರದಲ್ಲಿದೆ, ಬೆಂಗಳೂರಿನ ಟೆರೇಸ್ ಮೇಲೆ ಅದು ಸುಲಭವಲ್ಲ. 32.768 ಕಿಲೋಹರ್ಟ್ಸ್ ಕ್ರಿಸ್ಟಲ್ 25 ಡಿಗ್ರಿಯಲ್ಲಿ ಸರಿಯಾಗಿ ಓಡುತ್ತೆ. ಅಲ್ಲಿಂದ ಎಷ್ಟು ಡಿಗ್ರಿ ದೂರ ಹೋದರೂ ಆ ಅಂತರದ ವರ್ಗಕ್ಕೆ ತಕ್ಕಂತೆ ನಿಧಾನವಾಗುತ್ತೆ, ಗುಣಕ ಸುಮಾರು 0.034 ಪಿಪಿಎಂ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು). ಏಪ್ರಿಲ್ ಮಧ್ಯಾಹ್ನ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ 55 ಡಿಗ್ರಿ ಅಂತಿಟ್ಟುಕೊಳ್ಳಿ: ಮೂವತ್ತರ ವರ್ಗ ಒಂಬೈನೂರು, ಸುಮಾರು 30 ಪಿಪಿಎಂ ನಿಧಾನ. ಕೆಳಗೆ ಸಂಪ್ ಪಕ್ಕದ ನೋಡ್ ತಂಪಾಗಿ 25ರಲ್ಲಿರುತ್ತೆ. ಎರಡರ ನಡುವೆ ಸೆಕೆಂಡಿಗೆ 30 ಮೈಕ್ರೋಸೆಕೆಂಡ್ ವ್ಯತ್ಯಾಸ, ಅರ್ಧ ನಿಮಿಷದಲ್ಲಿ ಒಂದು ಮಿಲಿಸೆಕೆಂಡ್. ನಾನು ಹಿಡಿದದ್ದು ಬರೀ ಬಿಸಿಲಿನ ಪಾಲು, ಕ್ರಿಸ್ಟಲ್‌ನ ಹುಟ್ಟು ದೋಷ ಬೇರೆ. ಅದಕ್ಕಾಗಿ ನೋಡ್‌ಗಳು ಆಗಾಗ ಮಾತಾಡಿ ಗಡಿಯಾರ ಸರಿಪಡಿಸಿಕೊಳ್ಳಬೇಕು, ಆ ಮಾತಿಗೂ ಬ್ಯಾಟರಿ ಬೇಕು. ಪಕ್ಕದ ಗಡಿಯಾರ ಎಷ್ಟು ಜಾರುತ್ತೆ ಅಂತ ಕಲಿತು ಸರಿಪಡಿಸುವ ಕೋಡ್ ಕಾಂಟಿಕಿ-ಎನ್‌ಜಿಯಲ್ಲಿದೆ. ಅದನ್ನು ಬಿಟ್ಟು ಟಿಎಸ್‌ಸಿಎಚ್ ಹಾಕಬೇಡಿ.

865_ಕಿವಿ | ಜಯನಗರ

ಮೇಡಂ, ಇಷ್ಟೆಲ್ಲ ಯಾಕೆ? ಮೆಶ್ ಬೇಕು ಅಂತ ಯಾರು ಹೇಳಿದ್ದು? ಆರು ಬ್ಲಾಕ್, ಒಂದೇ ಕಾಂಪೌಂಡ್, ಗಂಟೆಗೆ ನಾಲ್ಕು ಸಲ ಹನ್ನೆರಡು ಬೈಟ್. ಕಾಂಕ್ರೀಟ್ ಸ್ಲ್ಯಾಬ್, ಕಬ್ಬಿಣದ ಮುಚ್ಚಳ, ಕೆಳಗೆ ನೀರು ಇರುವ ಕಡೆ 2.4 ಗಿಗಾಹರ್ಟ್ಸ್ ಒದ್ದಾಡುತ್ತೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ 2005ರಿಂದಲೇ ಲೈಸೆನ್ಸ್ ಇಲ್ಲದೆ ಬಳಸಬಹುದು, 2021ರಲ್ಲಿ 868ರ ತನಕ ಹಿಗ್ಗಿಸಿದರು. ಲೋರಾವ್ಯಾನ್ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೋ ಜಾಲ) ಹಾಕಿ, ಒಂದು ಗೇಟ್‌ವೇ ನಡುವಿನ ಬ್ಲಾಕ್‌ನ ಟೆರೇಸ್ ಮೇಲೆ. ನೋಡ್ ಯಾರ ಮಾತನ್ನೂ ದಾಟಿಸಬೇಕಿಲ್ಲ. ತನ್ನದು ಹೇಳಿ, ಎರಡು ಸಣ್ಣ ಕಿಂಡಿ ತೆರೆದು ಕೇಳಿ, ಮಲಗುತ್ತೆ. ರಯಟ್, ಝೆಫಿರ್ ಎರಡರಲ್ಲೂ ಲೋರಾವ್ಯಾನ್ ಇದೆ. ಚಿಪ್ ಮಾತ್ರ ಬೇರೆ, ಎಸ್‌ಟಿಎಂ32ಡಬ್ಲ್ಯುಎಲ್ ಥರದ್ದು. ಇಲ್ಲವೇ ಈಗಿರುವ ಬೋರ್ಡ್‌ಗೆ ಎಸ್‌ಎಕ್ಸ್1276 ಮಾಡ್ಯೂಲ್ ಜೋಡಿಸಿ.

ಆಂಟೆನಾ ಎಲ್ಲಿಡ್ತೀರಿ ಅನ್ನೋದರ ಮೇಲೆ ಬ್ಯಾಟರಿ ನಿಂತಿದೆ. ಹನ್ನೆರಡು ಬೈಟ್‌ಗೆ ಲೋರಾವ್ಯಾನ್‌ನ ಹದಿಮೂರು ಸೇರಿಸಿ, ಮುಂದೆ ಬೇಕಾದೀತು ಅಂತ ಎಂಟು ಬಿಟ್ಟು 33 ಬೈಟ್ ಅಂತ ಹಿಡಿಯಿರಿ. ಸಿಗ್ನಲ್ ದುರ್ಬಲವಾದಷ್ಟೂ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಹೆಚ್ಚಿಸಿ ನಿಧಾನವಾಗಿ ಕಳಿಸಬೇಕು. ಎಸ್‌ಎಫ್7ರಲ್ಲಿ ಅದು ಗಾಳಿಯಲ್ಲಿ ಇರೋದು ಸುಮಾರು 72 ಮಿಲಿಸೆಕೆಂಡ್, ಎಸ್‌ಎಫ್12ರಲ್ಲಿ 1.8 ಸೆಕೆಂಡ್. 13 ಡಿಬಿಎಂ ಶಕ್ತಿಗೆ ಎಸ್‌ಎಕ್ಸ್1276 ಎಳೆಯೋದು 29 ಮಿಲಿಆಂಪಿಯರ್. ಕಾಲು ಗಂಟೆಗೊಮ್ಮೆ ಕಳಿಸಿದರೆ ವರ್ಷಕ್ಕೆ ಮೊದಲನೆಯದಕ್ಕೆ ಸುಮಾರು 20 ಮಿಲಿಆಂಪಿಯರ್-ಗಂಟೆ, ಎರಡನೆಯದಕ್ಕೆ 500. ಆಂಟೆನಾವನ್ನು ಮುಚ್ಚಳದ ಹೊರಗೆ ತಂದು ಒಂದಡಿ ಮೇಲೆ ನಿಲ್ಲಿಸಿದರೆ ಸಿಗುವ ಲಾಭ ಯಾವ ಓಎಸ್ ಬದಲಾಯಿಸಿದರೂ ಸಿಗಲ್ಲ. ಗೇಟ್‌ವೇ ಕೊಳ್ಳುವಾಗ ಭಾರತದ ಐಎನ್865 ಸೆಟ್ಟಿಂಗ್ ಇದೆಯಾ ನೋಡಿ. ಯುರೋಪಿನ 868 ಸೆಟ್ಟಿಂಗ್‌ನಲ್ಲೇ ಓಡಿಸಬೇಡಿ.

ಮೈಕ್ರೋಆಂಪ್ | ರಾಜಾಜಿನಗರ

ಬರೀ ಮಟ್ಟ ಅಳೆಯೋದಾದರೆ ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ. ನಾನು ಮೆಶ್ ಹಿಡಿದುಕೊಂಡು ಹೋದದ್ದು ಪ್ರಶ್ನೆ ಹಾಗಿತ್ತು ಅಂತ. ಆದರೆ ಮುಂದೆ ಮೋಟರ್ ಆಫ್ ಮಾಡೋದನ್ನೂ ಸೇರಿಸ್ತೀರಿ ಅಂದುಕೊಂಡರೆ ಒಂದು ಮಾತು. ಲೋರಾವ್ಯಾನ್‌ನ ಕ್ಲಾಸ್ ಎ ನೋಡ್ ತಾನು ಮಾತಾಡಿದ ಮೇಲೆ ಮಾತ್ರ ಕೇಳಿಸಿಕೊಳ್ಳುತ್ತೆ. ಮೋಟರ್ ಪ್ಯಾನೆಲ್‌ಗೆ ಕರೆಂಟ್ ಇರೋದರಿಂದ ಅಲ್ಲಿ ಸದಾ ಕೇಳುವ ಕ್ಲಾಸ್ ಸಿ ಹಾಕಬಹುದು. ಆದರೂ ಟ್ಯಾಂಕ್ ತುಂಬಿದಾಗ ನಿಲ್ಲಿಸುವ ಫ್ಲೋಟ್ ಸ್ವಿಚ್ ವೈರಿನಲ್ಲೇ ಇರಲಿ, ಅದನ್ನು ಯಾವ ಕಾರಣಕ್ಕೂ ರೇಡಿಯೋ ಮೇಲೆ ಬಿಡಬೇಡಿ.

ಎಸ್‌ಪಿ_ರಸ್ತೆ_ವಾಸಿ

ಎಲ್ಲರೂ ಸಾಫ್ಟ್‌ವೇರ್ ಹೇಳಿದ್ರಿ, ಬೋರ್ಡ್ ಬಗ್ಗೆ ನಾನು ಹೇಳ್ತೀನಿ. ಎಸ್‌ಪಿ ರಸ್ತೆಯಲ್ಲಿ ಸಿಗೋ ಅಗ್ಗದ ಬೋರ್ಡ್‌ಗಳಲ್ಲಿ ಎಎಂಎಸ್1117 ರೆಗ್ಯುಲೇಟರ್ ಇರುತ್ತೆ. ಚಿಪ್ ಮಲಗಿದ್ರೂ ಅದೊಂದೇ ಸುಮಾರು ಐದು ಮಿಲಿಆಂಪಿಯರ್ ತಿನ್ನುತ್ತೆ. ಮೇಲೆ ಪವರ್ ಎಲ್‌ಇಡಿ. ಯಾವ ಓಎಸ್ ಹಾಕಿ ಏನು ಪ್ರಯೋಜನ? ಕಡಿಮೆ ಕ್ವಿಸೆಂಟ್ ಕರೆಂಟ್ (ಸುಮ್ಮನಿದ್ದಾಗ ತಾನೇ ತಿನ್ನೋದು) ಇರೋ ರೆಗ್ಯುಲೇಟರ್ ಅಂತ ಕೇಳಿ ತಗೊಳ್ಳಿ, ಎಲ್‌ಇಡಿ ಕಿತ್ತುಹಾಕಿ.

ಫ್ಲೋಟ್ ಸ್ವಿಚ್‌ನ ಮಟ್ಟ ಓದೋಕೆ 10 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಹಾಕಿದ್ರೆ, ಸ್ವಿಚ್ ಮುಚ್ಚಿದಾಗಲೆಲ್ಲ 330 ಮೈಕ್ರೋಆಂಪಿಯರ್ ಸೋರುತ್ತೆ. ವರ್ಷ ಪೂರ್ತಿ ಮುಚ್ಚಿದ್ರೆ 2890 ಮಿಲಿಆಂಪಿಯರ್-ಗಂಟೆ, ಸೆಲ್ಲೇ ಅಷ್ಟಿರಲ್ಲ. ಓದುವಾಗ ಮಾತ್ರ ಪುಲ್‌ಅಪ್ ಆನ್ ಮಾಡಿ. ಅಲ್ಟ್ರಾಸೋನಿಕ್ ಸೆನ್ಸರ್ ಹಾಕಿದ್ರೆ ಅದರ ಸಪ್ಲೈಯನ್ನು ಮಾಸ್‌ಫೆಟ್‌ನಿಂದ ಕಟ್ ಮಾಡಿ.

ಅಳೆಯೋವಾಗ ಮಾಮೂಲಿ ಮಲ್ಟಿಮೀಟರ್‌ನ ಮೈಕ್ರೋಆಂಪ್ ರೇಂಜ್ ನಂಬಬೇಡಿ. ಒಳಗೆ ನೂರು ಓಮ್ ಆಸುಪಾಸು ಇರುತ್ತೆ. ರೇಡಿಯೋ 30 ಮಿಲಿಆಂಪಿಯರ್ ಎಳೆದ ಕ್ಷಣ ಮೂರು ವೋಲ್ಟ್ ಅಲ್ಲೇ ಬಿದ್ದು ಬೋರ್ಡ್ ರೀಸೆಟ್ ಆಗುತ್ತೆ, ನೀವು ಓಎಸ್ ಕೆಟ್ಟಿದೆ ಅಂದ್ಕೋತೀರಿ. ಕರೆಂಟ್ ಪ್ರೊಫೈಲರ್ ಯಾರ ಹತ್ರನಾದ್ರೂ ಎರವಲು ತಗೊಳ್ಳಿ.

ಪೀಣ್ಯ_ಫರ್ಮ್‌ವೇರ್

ಇದಕ್ಕೆ ಸೇರಿಸಿ: ಝೆಫಿರ್‌ನಲ್ಲಿ ಸೀರಿಯಲ್ ಲಾಗ್ ಆನ್ ಇಟ್ಟುಕೊಂಡು ಅಳೆಯಬೇಡಿ. ಯುಎಆರ್‌ಟಿ (ಸೀರಿಯಲ್ ಪೋರ್ಟ್) ಕೇಳುತ್ತಾ ಕೂತಿದ್ದರೆ ನಾರ್ಡಿಕ್ ಚಿಪ್‌ನಲ್ಲಿ ವೇಗದ ಕ್ಲಾಕ್ ಓಡ್ತಾನೇ ಇರುತ್ತೆ, ನೂರಾರು ಮೈಕ್ರೋಆಂಪಿಯರ್ ಅಲ್ಲೇ ಹೋಗುತ್ತೆ.

ಸಂಪ್_ಲೆಕ್ಕ | ವಿದ್ಯಾರಣ್ಯಪುರ

ಹಾಗಾದರೆ ಲೋರಾವ್ಯಾನ್, ಝೆಫಿರ್, ಎಂಸಿಯುಬೂಟ್ ಅಂತ ಹೊರಡ್ತೀನಿ. ರಯಟ್‌ನ ನೇಟಿವ್‌ನಲ್ಲಿ ಮೊದಲು ಕೈ ಪಳಗಿಸಿಕೊಳ್ತೀನಿ. ಕೊನೆಯ ಅನುಮಾನ: ಬ್ಯಾಟರಿ ಬದಲಾಯಿಸಿದ ಮೇಲೆ ನೋಡ್ ಮತ್ತೆ ಜಾಲಕ್ಕೆ ಸೇರಲ್ಲ ಅಂತ ಕೆಲವರು ಬರೆದಿದ್ದಾರೆ. ಯಾಕೆ?

865_ಕಿವಿ | ಜಯನಗರ

ಡೆವ್‌ನಾನ್ಸ್ ಸಮಸ್ಯೆ ಅದು. ಲೋರಾವ್ಯಾನ್ 1.0.4ರಿಂದ ಈಚೆಗೆ ನೋಡ್ ಪ್ರತಿ ಸಲ ಸೇರುವಾಗ ಹೇಳುವ ಡೆವ್‌ನಾನ್ಸ್ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಾಗಿರಲೇಬೇಕು. ಬ್ಯಾಟರಿ ತೆಗೆದಾಗ ರ್ಯಾಮ್ ಅಳಿಸಿ ಎಣಿಕೆ ಮತ್ತೆ ಸೊನ್ನೆಗೆ ಬಂದರೆ, ಯಾರೋ ಹಳೆಯ ಸಂದೇಶವನ್ನೇ ಮತ್ತೆ ಕಳಿಸ್ತಿದ್ದಾರೆ ಅಂತ ಸರ್ವರ್ ಅದನ್ನು ತಳ್ಳಿಹಾಕುತ್ತೆ. ಆ ಸಂಖ್ಯೆಯನ್ನು ಫ್ಲ್ಯಾಶ್‌ನಲ್ಲಿ ಉಳಿಸಬೇಕು. ಝೆಫಿರ್‌ನಲ್ಲಿ ಲೋರಾವ್ಯಾನ್ ಎನ್‌ವಿಎಂ ಸೆಟ್ಟಿಂಗ್ಸ್ ಅಂತ ಕಾನ್ಫಿಗ್ ಇದೆ, ಅದನ್ನು ಆನ್ ಮಾಡಿ, ಡಿವೈಸ್‌ಟ್ರೀಯಲ್ಲಿ ಸ್ಟೋರೇಜ್ ಪಾರ್ಟಿಷನ್‌ಗೆ ಜಾಗ ಬಿಡಿ. ಎಂಸಿಯುಬೂಟ್ ಮೂಲಕ ಅಪ್‌ಡೇಟ್ ಮಾಡಿದರೆ ಆ ಪಾರ್ಟಿಷನ್ ಹಾಗೇ ಇರುತ್ತೆ. ಡಿಬಗರ್‌ನಿಂದ ಇಡೀ ಚಿಪ್ ಅಳಿಸಿದರೆ ಮಾತ್ರ ಅದೂ ಹೋಗುತ್ತೆ, ಆಗ ಸರ್ವರ್ ಕಡೆ ಆ ನೋಡ್‌ನ ಹಳೆಯ ನಾನ್ಸ್‌ಗಳನ್ನು ತೆಗೆದು ಮತ್ತೆ ಸೇರಿಸಿ.